ದೊಡ್ಡಮ್ಮನ ಮರಿ ಲಿವರ್‌ಗೆ ಹೊಗೆ ಬುತ್ತಿ

ಲಿವರ್‌ಗೆ ಬುತ್ತಿ ಕಟ್ಟಿ ಕಳಿಸ್ರಿ ಅಂದ್ರೆ ನಮ್ ದಾವಣಗೆರೆ ಜನ ಹೋಳಿಗೆ ಕಳಿಸ್ತಾರೆ. ಆಣೆ ಮಾಡಿ ಹೇಳ್ತಿದೀನಿ.

ಬೇಕಾದ್ರೆ ಸೋಮವಾರ ಬೆಳಿಗ್ಗೆ ನಮ್ ಲ್ಯಾಬಿನ ಕಿಟಕಿ ಹತ್ರ ಬಂದು ನಿಂತ್ಕೊಳ್ರಿ. ಮದುವೆಮನೆ ಉಗ್ರಾಣದ ಥರ ಘಮಘಮ. ಶಾವಿಗೆ ಪಾಯಸ, ಎಣ್ಣೆಗಾಯಿ, ಕೋಳಿಸಾರು, ತುಪ್ಪದಲ್ಲಿ ಹುರಿದ ಗೋಡಂಬಿ, ಎಲ್ಲಾ ಅಂಗೈಯಷ್ಟು ಸ್ಟೀಲ್ ಡಬ್ಬೀಲಿ. ಒಂದ್ಸಲ ಒಬ್ರು ಅಜ್ಜಿ ಡಬ್ಬಿ ಜೊತೆ ಬ್ಲೌಸ್ ಪೀಸು, ಅರಿಶಿನ ಕುಂಕುಮಾನೂ ಇಟ್ಟಿದ್ರು. "ನಮ್ ಸೊಸೇದು ಲಿವರ್ರು ಮೊದ್ಲನೇ ಸಲ ಹೊರಗೆ ಬಂದೈತಲ್ಲಮ್ಮ, ಬರಿಗೈಲಿ ಹೆಂಗೆ ನೋಡೋದು?" ಅಂತ.

ವಿಷ್ಯ ಏನಂದ್ರೆ, ಒಂದೇ ಮಾತ್ರೆ ಎಲ್ಲರ ಮೈಯಲ್ಲೂ ಒಂದೇ ಥರ ಕೆಲ್ಸ ಮಾಡಲ್ಲ. ನಾವು ನುಂಗಿದ್ದನ್ನ ಲಿವರ್ ಕತ್ತರಿಸಿ ಕತ್ತರಿಸಿ ಹೊರಗೆ ಹಾಕುತ್ತೆ. ಆ ಕತ್ತರಿಗಳಿಗೆ ಪುಸ್ತಕದಲ್ಲಿ ಎಂಜೈಮು ಅಂತಾರೆ, ಲ್ಯಾಬಲ್ಲಿ ನಾವು ಕತ್ತರಿ ಅಂತ್ಲೇ ಅಂತೀವಿ. ಕೆಲವರ ಲಿವರಲ್ಲಿ ಕತ್ತರಿ ಜಾಸ್ತಿ, ಮಾತ್ರೆ ಒಳಗೆ ಬಂದಿದ್ದೇ ತಡ ಚಕಚಕ ಕತ್ತರಿಸಿ ಬಿಸಾಕುತ್ತೆ, ಕಾಯಿಲೆಗೆ ಏನೂ ಉಳಿಯಲ್ಲ. ಕೆಲವರಲ್ಲಿ ಕಮ್ಮಿ, ಮಾತ್ರೆ ರಕ್ತದಲ್ಲೇ ಗುಡ್ಡೆ ಬಿದ್ದು ವಿಷ ಆಗುತ್ತೆ. ಅದಕ್ಕೇ ಈಗ ಯಾರಿಗಾದ್ರೂ ಖಡಕ್ ಮಾತ್ರೆ ಕೊಡೋ ಮುಂಚೆ ಅವರ ರಕ್ತದಿಂದ ಅವರದ್ದೇ ಒಂದು ಮರಿ ಲಿವರ್ ಬೆಳೆಸ್ತೀವಿ. ಹುಣಸೆಬೀಜದಷ್ಟು ಇರುತ್ತೆ, ಬಣ್ಣಾನೂ ಹಂಗೇ. ಗಾಜಿನ ತಟ್ಟೇಲಿ ಬೆಚ್ಚಗೆ ಮಲಗಿರುತ್ತೆ. ಅದರ ಮೇಲೆ ಮಾತ್ರೆ ಕರಗಿಸಿ ತೊಟ್ಟು ತೊಟ್ಟಾಗಿ ಬಿಡೋದು, ಹೊರಗೆ ಬಂದಿದ್ದನ್ನ ತೂಕದ ಮಷೀನಿಗೆ ಕೊಡೋದು. ಮಷೀನು ಒಂದೊಂದು ಚೂರನ್ನೂ ತೂಗಿ, ಇಷ್ಟು ಹೊತ್ತಲ್ಲಿ ಇಷ್ಟು ಮಾತ್ರೆ ಕತ್ತರಿಸಿ ಹೋಯ್ತು, ಇಷ್ಟು ಉಳೀತು ಅಂತ ಪರದೆ ಮೇಲೆ ಗುಡ್ಡ ಬರೆದು ತೋರಿಸುತ್ತೆ. ಅದನ್ನ ನೋಡಿ ಡೋಸು. ಬರೀ ಅಂದಾಜಿನ ಮೇಲೆ ಮಾತ್ರೆ ಕೊಡೋ ಕಾಲ ಹೋಯ್ತು.

ಮತ್ತೆ ಬುತ್ತಿ ಯಾಕೆ ಅಂದ್ರೆ, ನಾವು ತಿನ್ನೋದನ್ನ ನೋಡ್ಕೊಂಡು ಲಿವರ್ ತನ್ನ ಕತ್ತರಿಗಳನ್ನ ಜಾಸ್ತಿ ಕಮ್ಮಿ ಮಾಡ್ಕೊಳ್ಳುತ್ತೆ. ಮರಿಗೂ ಅದೇ ಊಟ ಸಿಗ್ಬೇಕಲ್ಲ? ಅದಕ್ಕೆ ಮನೆಯವರು ವಾರವಿಡೀ ತಿಂದಿದ್ದನ್ನ ಒಂದೊಂದು ಚಮಚ ಕಳಿಸ್ಬೇಕು. ದಿನಾ ತಿನ್ನೋದನ್ನ ಕಳಿಸ್ರಿ, ಚೆನ್ನಾಗಿರೋದನ್ನಲ್ಲ, ಅಂತ ಕಿಟಕಿ ಮೇಲೆ ದಪ್ಪಕ್ಷರದಲ್ಲಿ ಬರೆದು ಹಾಕಿದೀವಿ. ಯಾರ್ ಕೇಳ್ತಾರೆ? ಲಿವರ್ ಮುಂದೆ ಮನೆ ಮರ್ಯಾದೆ ಹೋಗ್ಬಾರ್ದಲ್ಲ.

ನಾನು ಹಂಸವೇಣಿ, ಬಿ.ಫಾರ್ಮ್ ಕೊನೇ ವರ್ಷ, ಇಲ್ಲಿ ಇಂಟರ್ನ್. ಬುತ್ತಿಗಳನ್ನೆಲ್ಲ ಮಿಕ್ಸಿಗೆ ಹಾಕಿ, ಸೋಸಿ, ರಸ ತೆಗೆದು ಮರಿಗಳಿಗೆ ಉಣಿಸೋದು ನನ್ನ ಕೆಲ್ಸ. ಹೋಳಿಗೇನ ಮಿಕ್ಸಿಗೆ ಹಾಕೋ ಸಂಕಟ ನಿಮಗೆ ಅರ್ಥ ಆಗಲ್ಲ ಬಿಡ್ರಿ.

ಆ ಮರಿಗಳಲ್ಲಿ ಒಂದು ನಮ್ ದೊಡ್ಡಮ್ಮಂದು.

ಕೊಟ್ರಮ್ಮ ದೊಡ್ಡಮ್ಮ ನಮ್ಮಮ್ಮನ ಅಕ್ಕ. ಕಾಲೇಜಿಗೆ ಅಂತ ನಾನು ಜಗಳೂರಿಂದ ಬಂದು ಅವಳ ಮನೇಲೇ ಇರೋದು. ದೊಡ್ಡಪ್ಪ ತೀರಿಕೊಂಡು ತುಂಬಾ ವರ್ಷ ಆಯ್ತು. ಅವಾಗಿಂದ ಮಂಡಕ್ಕಿ ಭಟ್ಟೀಲಿ ಕೆಲ್ಸ. ಕಾದ ಮರಳಿಗೆ ಅಕ್ಕಿ ಸುರಿದು ಹುರಿಯೋದು, ಪಟಪಟ ಅರಳಿದ್ದನ್ನ ಜರಡಿ ಹಿಡಿಯೋದು. ಊರಲ್ಲಿ ಕರೆಂಟಿನ ಭಟ್ಟಿ ಎಷ್ಟೋ ಬಂದ್ವು, ಆದ್ರೂ ನಮ್ ಓಣಿ ಹಿಂದೆ ಒಂದು ಹಳೇದು ಉಳ್ಕೊಂಡೈತೆ. ಉಮಿ, ಕಟ್ಟಿಗೆ, ಒಂದೊಂದ್ಸಲ ಹಳೇ ಟೈರು ಹಾಕಿ ಉರಿಸ್ತಾರೆ. ಆ ಹೊಗೆ ಕುಡಿದೂ ಕುಡಿದೂ ದೊಡ್ಡಮ್ಮಂಗೆ ಉಸಿರಿನ ಕಾಯಿಲೆ. ನಾಲ್ಕು ಮೆಟ್ಲು ಹತ್ತಿದ್ರೆ ಐದನೇದ್ರ ಮೇಲೆ ಕೂತ್ಬಿಡ್ತಿದ್ಲು.

ಅವಳಿಗೆ ಹೊಂದಿದ್ದು ವಾಯುಲಿನ್ ಅನ್ನೋ ಮಾತ್ರೆ ಒಂದೇ. ಅದು ಒಳ್ಳೇದು, ಆದ್ರೆ ಭಾರೀ ಸಿಡುಕಿನ ಮಾತ್ರೆ. ಸ್ವಲ್ಪ ಕಮ್ಮಿ ಆದ್ರೆ ಕೆಲ್ಸಾನೇ ಮಾಡಲ್ಲ, ಸ್ವಲ್ಪ ಜಾಸ್ತಿ ಆದ್ರೆ ಎದೆ ಡಬಡಬ, ಫಿಟ್ಸ್ ಬಂದು ಬಿದ್ರೂ ಬಿದ್ದೇ. ಅದಕ್ಕೇ ಮರಿ ಬೆಳೆಸಿ, ಡೋಸ್ ನೋಡಿ ಕೊಟ್ವಿ. ಕೊಡೋ ಮುಂಚೆ ಡಾಕ್ಟ್ರು ಕೇಳಿದ್ರು, "ಭಟ್ಟಿ ಕೆಲ್ಸ ಬಿಟ್ಟಿದೀರಾ ಕೊಟ್ರಮ್ಮ?" ಅಂತ. "ಬಿಟ್ಟು ಒಂದು ವರ್ಷ ಆತು ಸಾಮಿ" ಅಂದ್ಲು. ನಿಜಾನೇ. ಸಂಬಳ ತರೋದು ನಿಲ್ಸಿದ್ದು ನಂಗೂ ಗೊತ್ತು.

ಆದ್ರೆ ಒಂದು ವಿಚಿತ್ರ. ವಾರ್ಡಲ್ಲಿ ಇಟ್ಕೊಂಡಾಗ ಅದೇ ಮಾತ್ರೆ ಅವಳಿಗೆ ಅಮೃತ. ಕಾರಿಡಾರಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡ್ಕೊಂಡು ನರ್ಸ್‌ಗಳ ಜಡೆ ಬಗ್ಗೆ ಕಾಮೆಂಟ್ ಹೊಡೀತಾಳೆ. ಮನೆಗೆ ಕಳಿಸಿದ್ರೆ ಸ್ವಲ್ಪ ದಿನಕ್ಕೇ ಮತ್ತೆ ಉಬ್ಬಸ, ಮತ್ತೆ ಆಟೋ, ಮತ್ತೆ ವಾರ್ಡು. ಈ ಸಲ ವಾಪಸ್ ಬಂದಾಗ ರಕ್ತ ತೆಗೆದು ನೋಡಿದ್ರೆ ವಾಯುಲಿನ್ ಇರಬೇಕಾದ್ದರಲ್ಲಿ ಅರ್ಧಾನೂ ಇಲ್ಲ.

ನಮ್ ಲ್ಯಾಬಿನ ಹೆಡ್ ಡಾಕ್ಟರ್ ಇಂದುಧರ ನನ್ನ ಕರೆದ್ರು. ಒಳ್ಳೇ ಮನುಷ್ಯ, ಆದ್ರೆ ಯಾವಾಗ್ಲೂ ನಿದ್ದೆಗೆಟ್ಟವರ ಥರ ಕಣ್ಣು.

"ಹಂಸವೇಣಿ, ನಿಮ್ ದೊಡ್ಡಮ್ಮ ಮನೇಲಿ ಮಾತ್ರೆ ನುಂಗ್ತಿಲ್ಲ ಕಣಮ್ಮ."

"ನುಂಗ್ತಾಳೆ ಸರ್, ನಾನೇ ಬೆಳಿಗ್ಗೆ ಕೈಗೆ ಕೊಟ್ಟು ಹೋಗ್ತೀನಿ."

"ಕೈಗೆ ಕೊಡ್ತೀಯ. ಬಾಯಿಗೆ ಹೋಗಿದ್ದು ನೋಡಿದೀಯಾ?"

ನೋಡಿಲ್ಲ. ನಂಗೆ ಬಸ್ಸಿಗೆ ಲೇಟಾಗ್ತಿರುತ್ತೆ.

"ಮರಿ ಹೇಳೋದು ಸುಳ್ಳಾಗಲ್ಲ. ವಾರ್ಡಲ್ಲಿ ಅದೇ ಡೋಸು ಸರಿಯಾಗೇ ಕೆಲ್ಸ ಮಾಡ್ತೈತೆ. ನೋಡು, ತಟ್ಟೆ ಇರೋದೇ ಕಮ್ಮಿ. ಹರಿಹರದ ಒಬ್ರು ಮೇಷ್ಟ್ರು ತಿಂಗಳಿಂದ ಕಾಯ್ತಾ ಇದಾರೆ, ಅವರಿಗೂ ಉಸಿರೇ. ನುಂಗದೇ ಇರೋರಿಗೆ ವಾಯುಲಿನ್ ಕೊಡಂಗಿಲ್ಲ. ಯಾವತ್ತೋ ಒಂದಿನ ಒಟ್ಟಿಗೆ ಎಲ್ಲಾ ನುಂಗಿಬಿಟ್ರೆ ಜೀವಾನೇ ಹೋಗುತ್ತೆ. ಶನಿವಾರ ಮರಿ ತೆಗೀತೀವಿ. ಮಾತ್ರೆನೂ ನಿಲ್ಸ್ತೀವಿ."

ಮಾತ್ರೆ ನಿಂತ್ರೆ ದೊಡ್ಡಮ್ಮಂಗೆ ಏನ್ ಉಳೀತು? ಸಿಲಿಂಡರು, ಮೂಗಿಗೆ ಪೈಪು, ಮಂಚ. ಅಷ್ಟೇ.

ಸೀದಾ ವಾರ್ಡಿಗೆ ಓಡಿದೆ. ಅಲ್ಲಿ ಸೇರಿ ಮೂರ್ನಾಲ್ಕು ದಿನ ಆಗಿತ್ತು, ಆಗ್ಲೇ ಚೆನ್ನಾಗಿ ಉಸಿರಾಡ್ತಾ ಎದ್ದು ಕೂತಿದ್ಲು. ಅದನ್ನ ನೋಡಿ ನಂಗೆ ಇನ್ನೂ ಉರೀತು.

"ನಿಜ ಹೇಳು. ಮಾತ್ರೆ ಎಲ್ಲಿ ಬಿಸಾಕ್ತೀಯ?"

"ಏನಂದೆ?"

"ಮಾತ್ರೆ! ನಾನು ಬಸ್ ಹತ್ತಿದ ಮೇಲೆ ಏನ್ ಮಾಡ್ತೀಯ ಅದನ್ನ?"

ದೊಡ್ಡಮ್ಮ ನನ್ನನ್ನೇ ನೋಡಿದ್ಲು. ಬೈತಾಳೆ ಅನ್ಕೊಂಡೆ, ಬೈಲಿಲ್ಲ. ಹೊದಿಕೆ ಮಡಚ್ತಾ ಹೇಳಿದ್ಲು, "ಒಂದಿನಾನೂ ಬಿಟ್ಟಿಲ್ಲ ಹಂಸಿ. ಉಸಿರು ಸಿಗ್ದೇ ಇರೋದು ಹೆಂಗಿರ್ತೈತೆ ಅಂತ ನಿಂಗೇನು ಗೊತ್ತು. ಸಿಗ್ತೈತೆ ಅಂದ್ರೆ ಮಣ್ಣಾದ್ರೂ ನುಂಗ್ತೀನಿ."

ಅವಳೇ ಮಾತು ತಿರುಗಿಸಿದ್ಲು, ಪಾಪ.

"ಅದಿರ್ಲಿ, ನಿಮ್ ಆಸ್ಪತ್ರೆ ಟೀಗೆ ಏನ್ ಹಾಕ್ತಾರೆ? ಸಾಯಂಕಾಲ ಅರ್ಧ ಲೋಟ ಕುಡಿದೆ, ಬೆಳತನಕ ಕಣ್ಣು ಪಿಳಿಪಿಳಿ. ಎದೆ ಬೇರೆ ಕುಣೀತೈತೆ. ಮನೇಲಿ ಆರು ಕುಡಿದ್ರೂ ಕುಂಭಕರ್ಣನ ಥರ ಬಿದ್ಕಂತಿದ್ದೆ. ಹೋದ್ಸಲಾನೂ ಹಿಂಗೇ ಆಗಿತ್ತು."

"ಸ್ಟ್ರಾಂಗ್ ಇರುತ್ತೇನೋ."

"ಎಲ್ಲೀ ಸ್ಟ್ರಾಂಗು? ಪಾತ್ರೆ ತೊಳೆದ ನೀರಿನಂಗೈತೆ!"

ಹೂಂ ಅಂದು ಹೊರಟೆ. ಲಿಫ್ಟ್ ಹತ್ರ ಬಂದು ಬಟನ್ ಒತ್ತಿದೆ. ಒತ್ತಿದವಳು ಹಂಗೇ ನಿಂತ್ಬಿಟ್ಟೆ, ಲಿಫ್ಟ್ ಬಂದು ಬಾಗ್ಲು ತೆಗೆದು ಮುಚ್ಕೊಂಡು ಹೋಯ್ತು.

ಟೀ! ಟೀಯಲ್ಲಿರೋ ಕೆಫೀನನ್ನ ಕತ್ತರಿಸೋದು ಯಾವ ಕತ್ತರಿ? ವಾಯುಲಿನ್ ಕತ್ತರಿಸೋದೂ ಅದೇ ಕತ್ತರಿ! ಹೋದ ಸೆಮಿಸ್ಟರಲ್ಲಿ ಎರಡು ಮಾರ್ಕಿಗೆ ಬಂದಿತ್ತು. ಅಂದ್ರೆ ಮನೇಲಿ ಅವಳ ಲಿವರಲ್ಲಿ ಆ ಕತ್ತರಿ ರಾಶಿ ರಾಶಿ ಇರುತ್ತೆ, ಟೀನೂ ಕತ್ತರಿಸುತ್ತೆ ಮಾತ್ರೆನೂ ಕತ್ತರಿಸುತ್ತೆ. ವಾರ್ಡಿಗೆ ಬಂದು ಎರಡ್ಮೂರು ದಿನಕ್ಕೆ ಕತ್ತರಿ ಇಳಿದು ಹೋಗುತ್ತೆ, ಟೀನೂ ಉಳಿಯುತ್ತೆ ಮಾತ್ರೆನೂ ಉಳಿಯುತ್ತೆ. ದೊಡ್ಡಮ್ಮ ಮಾತ್ರೆ ಬಿಸಾಕ್ತಿಲ್ಲ, ಬಿಸಾಕ್ತಿರೋದು ಅವಳ ಲಿವರ್ರು!

ಆ ಕತ್ತರೀನ ಅಷ್ಟು ಬೆಳೆಸೋದು ಮುಖ್ಯವಾಗಿ ಒಂದೇ. ಹೊಗೆ.

ವಾಪಸ್ ಓಡಿದೆ. "ದೊಡ್ಡಮ್ಮ, ನಾನು ಕಾಲೇಜಿಗೆ ಹೋದ ಮೇಲೆ ನೀನು ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೆ ಹೋಗ್ಲಿ? ಭಟ್ಟಿಗೆ."

"ಕೆಲ್ಸ ಬಿಟ್ಟಿದೀನಿ ಅಂದಿದ್ದೆ!"

"ಬಿಟ್ಟೀನಲ್ಲ. ನಾನೇನು ಹುರಿಯಾಕೆ ಹೋಗ್ತೀನಾ? ಕುಂದ್ರಾಕೆ ಹೋಗ್ತೀನಿ. ಖೈರುನ್ಬಿ ಇರ್ತಾಳೆ, ಟೀ ಕುಡೀತೀವಿ, ಮಾತಾಡ್ತೀವಿ, ನೀನು ಬರೋ ಹೊತ್ತಿಗೆ ಬರ್ತೀನಿ."

"ಮತ್ತೆ ಡಾಕ್ಟ್ರು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಅವರು ಕೆಲ್ಸ ಕೇಳಿದ್ರು. ಕುಂದ್ರಾದು ಕೇಳ್ಲಿಲ್ಲ."

ಏನ್ ಹೇಳ್ತೀರಾ ಇದಕ್ಕೆ! ನಗಬೇಕೋ ತಲೆ ಚಚ್ಕೋಬೇಕೋ. ಅವಳದ್ದೇನೂ ತಪ್ಪಿಲ್ಲ. ಅಲ್ಲಿ ಮರಿ ಲಿವರ್‌ಗೆ ಬುತ್ತಿ ಅಂತ ವಾರಾವಾರ ಶಾವಿಗೆ ಪಾಯಸ ಬರ್ತಿತ್ತು, ಅದನ್ನ ಮಿಕ್ಸಿಗೆ ಹಾಕಿದ್ದು ನಾನೇ. ದೊಡ್ಡಮ್ಮ ದಿನಾ ಒಳಗೆ ತಗೊಳ್ತಿದ್ದ ಹೊಗೆ ಮಾತ್ರ ಆ ಮರಿಗೆ ಒಂದು ತೊಟ್ಟೂ ಸಿಕ್ಕಿರ್ಲಿಲ್ಲ.

ಅವತ್ತು ಸಾಯಂಕಾಲಾನೇ ಭಟ್ಟಿಗೆ ಹೋದೆ. ಬಾಗ್ಲಲ್ಲೇ ಕಣ್ಣು ಉರಿಯೋಕೆ ಶುರು. ಒಳಗೆ ಗೋಡೆ, ಜಂತಿ, ಬಲ್ಬು ಎಲ್ಲಾ ಕರಿ. ಖೈರುನ್ಬಿ ಮರಳಿನ ಬಾಂಡ್ಲಿ ಮುಂದೆ ಬೆವರು ಒರೆಸ್ಕೊಂಡು ನಿಂತಿದ್ರು. ನಾನು ಅವರನ್ನ ಖಾಲಾ ಅಂತೀನಿ, ಚಿಕ್ಕಮ್ಮ ಅಂದಂಗೆ.

"ಹೆಂಗವ್ಳೆ ನಮ್ ಕೊಟ್ರಮ್ಮಕ್ಕ?" ಮೊದ್ಲನೇ ಮಾತೇ ಅದು.

"ಚೆನ್ನಾಗಿದಾಳೆ ಖಾಲಾ. ಅವಳು ಇಲ್ಲಿ ಎಲ್ಲಿ ಕೂತ್ಕೊಳ್ತಾಳೆ?"

ಚೀಲ ಹಾಸಿದ್ದ ಒಂದು ಮೂಲೆ ತೋರಿಸಿದ್ರು. ಹೊಗೆ ಹೊರಗೆ ಹೋಗೋ ಕಿಂಡಿ ಸರಿಯಾಗಿ ಅದರ ಮೇಲೇ. "ಅಲ್ಲಿ ಗಾಳಿ ಬರ್ತೈತೆ ಅಂತಾಳೆ" ಅಂದ್ರು ಖಾಲಾ. ಗೂಟದ ಮೇಲೆ ದೊಡ್ಡಮ್ಮನ ಹಳೇ ಸೀರೆ ತುಂಡು ನೇತಾಡ್ತಿತ್ತು, ಕೂತಾಗ ಮೂಗಿಗೆ ಹಿಡ್ಕೊಳ್ಳೋದಂತೆ. ಹಸಿರು ಸೀರೆ, ಈಗ ಯಾವ ಬಣ್ಣಾನೂ ಇರ್ಲಿಲ್ಲ. ಅದನ್ನ ಕೇಳಿ ಇಸ್ಕೊಂಡು, ಕವರಿಗೆ ಹಾಕ್ಕೊಂಡು ಬಂದೆ.

ಮಾರನೇ ದಿನ ಇಂದುಧರ ಸರ್ ಮುಂದೆ ಕವರ್ ಇಟ್ಟೆ. "ಸರ್, ಈ ವಾರದ ಬುತ್ತಿ."

ಅವರು ಬಗ್ಗಿ ನೋಡಿ ಕೆಮ್ಮಿದ್ರು. ನಾನು ಒಂದೇ ಉಸಿರಿಗೆ ಟೀ, ಕತ್ತರಿ, ಭಟ್ಟಿ, ಕುಂದ್ರಾದು, ಎಲ್ಲಾ ಒದರಿದೆ. ಮುಗಿದ ಮೇಲೆ ಅವರು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದ್ರು.

"ಮೇಷ್ಟ್ರಿಗೆ ಶನಿವಾರ ಬರೋಕೆ ಹೇಳಿದೀನಿ ಹಂಸವೇಣಿ."

"ಶನಿವಾರದ ತನಕ ಸಾಕು ಸರ್. ಹೊಗೆ ಹೀರ್ಕೊಂಡು ಕತ್ತರಿ ಬೆಳೆಯೋಕೆ ಎರಡು ದಿನ. ಏನೂ ಆಗ್ಲಿಲ್ಲ ಅಂದ್ರೆ ನಾನೇ ನನ್ ಕೈಯಾರೆ ಮರಿ ತೆಗೀತೀನಿ."

"ರುಬೀನಾ" ಅಂತ ಕೂಗಿದ್ರು. "ಈ ಹುಡುಗಿ ಕೇಳಿದ್ದು ಕೊಡಮ್ಮ."

ರುಬೀನಾ ಅಕ್ಕ ನಮ್ ಟೆಕ್ನಿಷಿಯನ್. ಬಟ್ಟೇನ ಸ್ಪಿರಿಟ್ಟಲ್ಲಿ ನೆನೆಹಾಕಿ, ಸ್ಪಿರಿಟ್ ಎಲ್ಲಾ ಆರಿಸಿ, ಉಳಿದ ಕರಿ ಅಂಟನ್ನ ಮರಿಯ ರಸಕ್ಕೆ ಬೆರೆಸಿದ್ವಿ. ಯಾವಾಗ್ಲೂ ಒಬ್ಬೊಬ್ಬರದ್ದು ಎರಡು ಮರಿ ಬೆಳೆಸಿರ್ತೀವಿ, ಒಂದು ಸ್ಪೇರು. ಹೋಲಿಸಿ ನೋಡೋಕೆ ಸ್ಪೇರಿಗೆ ಬರೀ ಚೊಕ್ಕ ಬಟ್ಟೆ ನೆನೆಸಿದ್ದು ಹಾಕ್ಬೇಕು. ರುಬೀನಾ ಅಕ್ಕ ತಮ್ಮ ಹೊಸಾ ದುಪ್ಪಟ್ಟಾದ ಚುಂಗನ್ನೇ ಕತ್ತರಿಸಿ ಕೊಟ್ರು.

"ಅಯ್ಯೋ ಅಕ್ಕ, ಹೊಸಾದು!"

"ಇರ್ಲಿ ಬಿಡೇ. ಆದ್ರೆ ಆ ಮರಿ ನನ್ ಥರ ಬೈಯೋಕೆ ಶುರು ಮಾಡಿದ್ರೆ ನನ್ನ ಕೇಳ್ಬೇಡ."

ಎರಡು ದಿನ ನಂಗೆ ಒಂದೇ ಕೆಲ್ಸ. ಹೋಗಿ ಹೋಗಿ ಗಾಜಿನ ತಟ್ಟೆ ನೋಡೋದು. ಹುಣಸೆಬೀಜ ಹಂಗೇ ಬಿದ್ಕೊಂಡಿರುತ್ತೆ, ಅದೇನು ಹೇಳುತ್ತೆ? ನಾನೇ ಮೆಲ್ಲಗೆ, "ಲೇ, ದೊಡ್ಡಮ್ಮನ ಮಾನ ಕಳೀಬೇಡ" ಅಂದೆ. ರುಬೀನಾ ಅಕ್ಕ ಕೇಳಿಸ್ಕೊಂಡ್ರು, ನಗಲಿಲ್ಲ.

ಶನಿವಾರ ಬೆಳಿಗ್ಗೆ ಎರಡೂ ಮರಿಗೆ ವಾಯುಲಿನ್ ಬಿಟ್ವಿ. ಹೊರಗೆ ಬೆಂಚಿನ ಮೇಲೆ ಹರಿಹರದ ಮೇಷ್ಟ್ರು ಆಗ್ಲೇ ಬಂದು ಕೂತಿದ್ರು. ಮೊಣಕಾಲಿಗೆ ಕೈಯೂರಿ, ಬಾಯಿ ತೆರೆದು ಉಸಿರು ಎಳೀತಿದ್ರು. ಅವರ ಕಡೆ ನೋಡೋಕಾಗ್ದೇ ಪರದೆ ನೋಡ್ತಾ ನಿಂತೆ.

ದುಪ್ಪಟ್ಟಾ ಮರಿಯ ಗುಡ್ಡ ಮೊದ್ಲಿನ ಥರಾನೇ ನಿಧಾನ ಇಳೀತು. ಹೊಗೆ ಮರಿಯ ಗುಡ್ಡ... ಅದು ಇಳಿದಿದ್ದಲ್ಲ, ಕುಸಿದಿದ್ದು. ದುಪ್ಪಟ್ಟಾ ಮರಿ ಒಂದು ಮಾತ್ರೆ ಕತ್ತರಿಸೋ ಹೊತ್ತಿಗೆ ಇದು ಎರಡಕ್ಕಿಂತ ಜಾಸ್ತಿ ಕತ್ತರಿಸಿ ಕೂತಿತ್ತು. ರುಬೀನಾ ಅಕ್ಕ ನನ್ನ ಭುಜ ಹಿಂಡಿದ್ರು, ನೋವಾಗೋ ಹಂಗೆ.

ಇಂದುಧರ ಸರ್ ಪರದೆ ನೋಡಿದ್ರು. ಸೀದಾ ವಾರ್ಡಿಗೆ ನಡೆದ್ರು, ಹಿಂದೆ ನಾನು. ದೊಡ್ಡಮ್ಮನ ಮಂಚದ ಪಕ್ಕ ಸ್ಟೂಲ್ ಎಳ್ಕೊಂಡು ಕೂತು ಕೈ ಮುಗಿದ್ರು.

"ಕೊಟ್ರಮ್ಮ, ನೀವು ಮಾತ್ರೆ ನುಂಗಲ್ಲ ಅಂತ ಅಂದಿದ್ದೆ. ತಪ್ಪಾಯ್ತು."

"ಅಯ್ಯೋ, ಬಿಡ್ರಿ ಸಾಮಿ. ಇವಳೂ ಅಂದ್ಲು" ಅಂದ್ಲು ನನ್ನ ತೋರಿಸಿ. ನೆಲ ಬಾಯ್ಬಿಡಬಾರ್ದಾ ಅನ್ನಿಸ್ತು.

"ಈಗ ಕೇಳ್ರಿ. ನೀವು ಭಟ್ಟೀಲಿ ಕೂತ್ರೆ ಮಾತ್ರೆ ಡಬಲ್ ಬೇಕು. ಕೂರ್ಲಿಲ್ಲ ಅಂದ್ರೆ ಈಗಿರೋದೇ ಸರಿ. ಆದ್ರೆ ಡಬಲ್ ನುಂಗ್ತಾ ಇದ್ದು ಒಂದು ವಾರ ಭಟ್ಟಿಗೆ ಹೋಗ್ಲಿಲ್ಲ ಅಂತಿಟ್ಕೊಳ್ರಿ, ಅದೇ ಮಾತ್ರೆ ವಿಷ ಆಗುತ್ತೆ."

"ರಂಜಾನ್ ಹಬ್ಬಕ್ಕೆ ಭಟ್ಟಿ ರಜಾ ಇರ್ತೈತೆ. ಮಳೆ ಹಿಡಿದ್ರೂ ರಜಾ."

"ಅದನ್ನೇ ಹೇಳ್ತಿರೋದು. ಒಂದಿನ ಹೋಗಿ ಒಂದಿನ ಬಿಟ್ಟು ಮಾಡಂಗಿಲ್ಲ. ನಿಮ್ ಎದೆ ಕೇಳಿದ್ರಂತೂ ಆ ಹೊಗೆ ಕಡೆ ತಲೆ ಹಾಕ್ಬೇಡ ಅನ್ನುತ್ತೆ. ಆದ್ರೆ ಬಿಡೋರು ನೀವು. ಬಿಟ್ರೆ ಪೂರ್ತಿ ಬಿಡ್ಬೇಕು."

ಸರ್ ಎದ್ದು ಹೋದ್ರು. ತಟ್ಟೆಗೆ ಅಂತ ಮೇಷ್ಟ್ರು ಹೊರಗೆ ಕಾಯ್ತಾ ಕೂತಿದಾರೆ ಅಂತ ನಾನು ದೊಡ್ಡಮ್ಮಂಗೆ ಹೇಳಿದೆ. ನಾನು ಖುಷೀಲಿ ಕುಣಿಯೋಕೆ ರೆಡಿ ಇದ್ದೆ. ಇನ್ನೇನು, ಭಟ್ಟಿ ಬಿಟ್ರಾಯ್ತು, ಡೋಸು ಸರಿ, ಉಸಿರು ಸರಿ. ಆದ್ರೆ ದೊಡ್ಡಮ್ಮ ಕಿಟಕಿ ಕಡೆ ತಿರುಗಿದ್ಲು.

"ಬಿಟ್ರೆ ಉಸಿರು ಸಿಗ್ತೈತೆ, ಅಲ್ವಾ? ಸಿಕ್ಕಿದ ಉಸಿರು ಇಟ್ಕೊಂಡು ಯಾರ ಜೊತೆ ಮಾತಾಡ್ಲಿ?"

"ನಾನಿಲ್ವಾ?"

"ನೀನು ಫೋನ್ ಜೊತೆ ಮಾತಾಡ್ತೀಯ."

ಬಿಸಿ ಬಿಸಿಯಾಗಿ ಎರಡು ಕೆನ್ನೆಗೆ ಬಿದ್ದಂಗಾಯ್ತು. ಅವಳು ಬೇಜಾರಲ್ಲಿ ಹೇಳಿದ್ದೇ ಹೊರತು ಚುಚ್ಚೋಕಲ್ಲ. ಭಟ್ಟಿ ಅಂದ್ರೆ ಹೊಗೆ ಅಂತ ನಾನು ಲೆಕ್ಕ ಹಾಕಿದ್ದೆ. ಅವಳಿಗೆ ಅದು ಖೈರುನ್ಬಿ, ಟೀ, ಯಾರ ಮಗಳಿಗೆ ಗಂಡು ಗೊತ್ತಾಯ್ತು, ಯಾರ ಸೊಸೆ ತವರಿಗೆ ಹೋದ್ಲು, ಇಡೀ ಓಣಿ. ಅದು ಮಷೀನಿನ ಪರದೇಲಿ ಕಾಣಲ್ಲ.

ಕಿಟಕಿಯಿಂದ ನನ್ ಕಡೆ ತಿರುಗಿ ಅಂದ್ಲು, "ಆ ಮೇಷ್ಟ್ರು ಅಂದ್ಯಲ್ಲ, ಹೊರಗೆ ಕುಂತವ್ರೆ ಅಂದ್ಯಲ್ಲ. ನಾನು ಬಿಟ್ರೆ ಆ ತಟ್ಟೆ ಅವರಿಗೆ ಸಿಗ್ತೈತಾ?"

"ಹೂಂ. ಭಟ್ಟಿ ಬಿಟ್ರೆ ಈಗಿರೋ ಡೋಸೇ ಸರಿ ಅಂತ ಗೊತ್ತಾಯ್ತಲ್ಲ, ಇನ್ನು ನಿಂಗೆ ಮರಿ ಬೇಡ. ಮಾತ್ರೆ ನಿಲ್ಲಲ್ಲ."

"ಹಂಗಾರೆ ಬಿಟ್ಟೆ ಅನ್ನು."

ತೆಗೆಯೋ ಮುಂಚೆ ಒಂದ್ಸಲ ನೋಡ್ಬೇಕು ಅಂದ್ಲು. ಲ್ಯಾಬಿಗೆ ಕರ್ಕೊಂಡು ಹೋದೆ. ತಟ್ಟೆ ಮುಂದೆ ಬಗ್ಗಿ, ಕಣ್ಣು ಸಣ್ಣ ಮಾಡಿ ನೋಡಿದ್ಲು.

"ಇಷ್ಟೇನಾ? ಇದಕ್ಕಾ ನಾನು ವಾರಾವಾರ ಅಷ್ಟು ತುಪ್ಪ ಸುರಿದಿದ್ದು!" ಆಮೇಲೆ ಗಾಜಿಗೆ ಬೆರಳು ತಾಗಿಸಿ, ಸ್ವಲ್ಪ ಮೆತ್ತಗೆ, "ಹೊಗೆ ಕುಡಿಸಿದ್ವಿ ನಿಂಗೂ. ಬೇಜಾರ್ ಮಾಡ್ಕೋಬೇಡ" ಅಂದ್ಲು.

ಮೇಷ್ಟ್ರು ಒಳಗೆ ಬರೋವಾಗ ಅವಳು ಹೊರಗೆ ಬಂದ್ಲು. ಇಬ್ರೂ ಬಾಗ್ಲಲ್ಲಿ ಒಬ್ರಿಗೊಬ್ರು ದಾರಿ ಬಿಟ್ಕೊಂಡ್ರು.

ಮನೆಗೆ ಕರ್ಕೊಂಡು ಬಂದ ಮೊದ್ಲ ದಿನಗಳು ಕಷ್ಟ ಇದ್ವು. ಉಸಿರು ಚೆನ್ನಾಗೇ ಇತ್ತು. ಆದ್ರೆ ಮಧ್ಯಾಹ್ನ ಆಗ್ತಿದ್ದಂಗೆ ಚಪ್ಪಲಿ ಹಾಕ್ಕೊಳ್ಳೋದು, ಹೊಸ್ತಿಲ ತನಕ ಹೋಗೋದು, ವಾಪಸ್ ಬಂದು ಚಪ್ಪಲಿ ಬಿಡೋದು. ನಾನು ಎರಡು ದಿನ ರಜಾ ಹಾಕಿ, ಫೋನ್ ಬೀರುವಲ್ಲಿ ಇಟ್ಟು ಕೂತೆ. ಅವಳು ಏನಾದ್ರೂ ಹೇಳಿದ್ರೆ ನಂಗೆ ಆ ಜನಾನೇ ಗೊತ್ತಿಲ್ಲ. "ಯಾವ ಶಾಂತವ್ವ?" ಅಂತ ಕೇಳೋದು ನಾನು, "ಏ, ನಿಂಗೆ ಹೇಳಿ ಏನುಪಯೋಗ" ಅನ್ನೋದು ಅವಳು.

ಕೊನೆಗೆ ಭಟ್ಟಿಗೆ ಹೋಗಿ ಖಾಲಾ ಮುಂದೆ ಎಲ್ಲಾ ಹೇಳಿದೆ. ಅವರು ಸೌಟು ಎತ್ಕೊಂಡು ನನ್ನ ಹೊಡಿಯೋಕೇ ಬಂದ್ರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಅವಳಿಗೆ ನನ್ನ ಕಂಡ್ರೆ ಸಿಟ್ಟು ಬಂತು ಅನ್ಕೊಂಡಿದ್ದೆ ನಾನು!"

"ನೀವು ಮನೆಗೆ ಬರ್ರಿ ಖಾಲಾ."

"ಬರ್ತಿದ್ನಲ್ಲೇ! ನನ್ನ ಮೈಮೇಲೇ ಭಟ್ಟಿ ಐತಲ್ಲ, ಅದನ್ನ ಎಲ್ಲಿ ಬಿಟ್ಟು ಬರ್ಲಿ?" ಅಂದ್ರು. ಸ್ವಲ್ಪ ಯೋಚ್ನೆ ಮಾಡಿದ್ರು. "ನೀನು ಹೋಗು" ಅಂದ್ರು ಅಷ್ಟೇ.

ಮಾರನೇ ದಿನ ಟೀ ಹೊತ್ತಿಗೆ ಬಾಗ್ಲು ಬಡಿದ ಸದ್ದು. ತೆಗೆದ್ರೆ ಖಾಲಾ. ತಲೆಯಿಂದ ನೀರು ತೊಟ್ಟಿಕ್ತಿದೆ, ಒಗೆದು ಇಸ್ತ್ರಿ ಮಾಡಿದ ಸೀರೆ, ಕೈಲಿ ಪೇಪರಿನ ಪೊಟ್ಟಣದಲ್ಲಿ ಬಿಸಿ ಮಿರ್ಚಿ. ಅವರ ಹಿಂದೆ ಭಟ್ಟಿಯ ಇನ್ನಿಬ್ರು ಹೆಂಗಸ್ರು, ಅವರೂ ಹಂಗೇ ಒದ್ದೆ ತಲೇಲಿ.

ಒಳಗೆ ಬಂದವರೇ ಖಾಲಾ ದೊಡ್ಡಮ್ಮನ ಮೂಗಿನ ಹತ್ರ ತೋಳು ಹಿಡಿದ್ರು. "ಮೂಸು. ಹೊಗೆ ಐತಾ ನೋಡು. ಇದ್ರೆ ಹೇಳು, ಇನ್ನೊಂದ್ಸಲ ತಿಕ್ಕಂಡು ಬರ್ತೀನಿ."

ದೊಡ್ಡಮ್ಮ ನಿಜವಾಗ್ಲೂ ಮೂಸಿದ್ಲು. "ಎಷ್ಟು ಸೋಪ್ ಹಾಕ್ಕೊಂಡೀಯೇ ಖೈರುನ್? ಮದುಮಗಳ ಥರ ಹೊಡೀತೈತೆ."

"ನಮ್ ಮಾಲೀಕನೂ ಅದನ್ನೇ ಕೇಳ್ದ, ನಡುಮಧ್ಯಾಹ್ನ ಮೂರು ಜನ ಸಾಲಾಗಿ ಸ್ನಾನಕ್ಕೆ ನಿಂತೀರಲ್ಲ, ಯಾವ ಮದುವೆ ಅಂತ. ಕೊಟ್ರಮ್ಮಕ್ಕಂದು ಅಂದೆ."

ದೊಡ್ಡಮ್ಮ ನಗೋಕೆ ಶುರು ಮಾಡಿದ್ಲು. ಎಷ್ಟೋ ವರ್ಷದಿಂದ ನೋಡಿದೀನಿ, ಅವಳ ನಗು ಅರ್ಧಕ್ಕೇ ಕೆಮ್ಮಾಗಿ, ಕೆಮ್ಮು ಉಬ್ಬಸ ಆಗಿ, ಮುಖ ನೀಲಿ ಆಗೋದು. ನಾನು ಓಡಿಹೋಗಿ ಲೋಟದಲ್ಲಿ ನೀರು ಹಿಡ್ಕೊಂಡು ಪಕ್ಕದಲ್ಲಿ ನಿಂತೆ.

ಅವಳು ನಕ್ಕಳು. ಸೆರಗು ಬಾಯಿಗೆ ಒತ್ಕೊಂಡು ನಕ್ಕಳು, ಖಾಲಾ ಭುಜಕ್ಕೆ ತಲೆ ಇಟ್ಟು ನಕ್ಕಳು, ನಿಲ್ಸಿ, ಒದ್ದೆ ತಲೆ ಮೂವರನ್ನೂ ನೋಡಿ ಮತ್ತೆ ನಕ್ಕಳು.

ನೀರನ್ನ ನಾನೇ ಕುಡಿದೆ.